ಬೂದಿಯ ಮೇಲೆ ಅಂಗೈ

೧೯೮೭ರ ಫೆಬ್ರವರಿ ೨೨, ಭಾನುವಾರ. ಬೆಳಗ್ಗೆ ಚಳಿ, ಹೊತ್ತೇರಿದಂತೆ ಒಣಬಿಸಿಲು, ಮೂಡಣ ಗಾಳಿ.

ವರದರಾಜ ಮೂವರು ಗೆಳೆಯರೊಡನೆ ಗೋರೆಕಲ್ಲು ಬೆಟ್ಟದ ನೆತ್ತಿಯಲ್ಲಿದ್ದ. ಬೇಸಿಗೆಯಲ್ಲಿ ಅಲ್ಲಿ ಒಲೆ ಹೂಡಲು ಅಪ್ಪಣೆ ಚೀಟಿ ಬೇಕಿತ್ತು. ವರ್ಷವರ್ಷವೂ ಬರುವವನೆಂದು ಕಾಡಿನ ಕಾವಲುಗಾರ ಕೇತಯ್ಯನೇ ಜಾಮೀನು ನಿಂತು ಕೊಡಿಸಿದ್ದ.

"ಬಂಡೆ ಮೇಲೇ ಹಚ್ಚಿ ಸಾಮಿ. ಹೊರಡುವಾಗ ಬೂದಿ ಮೇಲೆ ಅಂಗೈ ಮಡಗಿ ನೋಡಿ. ಕಣ್ಣಿಗೆ ತಣ್ಣಗೆ ಕಾಣ್ತದೆ, ಒಳಗೆ ಕೆಂಡ ನಗ್ತಾ ಇರ್ತದೆ. ಹೆಚ್ಚುಕಮ್ಮಿ ಆದ್ರೆ ನನ್ನ ಕೆಲಸ ಉಳಿಯಾಕಿಲ್ಲ" ಎಂದು ಅವನು ಬೆಟ್ಟದ ಬುಡದಲ್ಲೇ ಎಚ್ಚರಿಸಿದ್ದ.

"ಕಾಡಲ್ಲಿ ಉಸಿರಾಡೋಕೂ ಒಂದು ಚೀಟಿ ಬರೆಸಪ್ಪಾ!" ಎಂದು ಗೆಳೆಯ ಸದಾನಂದ ನಕ್ಕಿದ್ದ.

ಮೂರು ಕಲ್ಲಿನ ಒಲೆ, ಹೊಗೆ ವಾಸನೆಯ ಕಾಫಿ, ತಗಡಿನ ಲೋಟ, ರಾಗ ತಪ್ಪಿದ ಹಾಡು. ಆಮೇಲೆ ಎಷ್ಟೋ ಕಡೆ ಕಾಫಿ ಕುಡಿದರೂ ವರದರಾಜನಿಗೆ ಆ ರುಚಿ ಸಿಗಲಿಲ್ಲ.

ಕೆಳಗೆ ಬಸ್ಸಿನ ಹೊತ್ತಾಗಿತ್ತು. ಬೂದಿ ಬೆಳ್ಳಗಿತ್ತು. ಉಳಿದ ಕಾಫಿಯನ್ನು ಅದರ ಮೇಲೆ ಚೆಲ್ಲಿ ಅವನು ಇಳಿದುಬಿಟ್ಟ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ನೆತ್ತಿಯ ಹುಲ್ಲು ಹೊತ್ತಿ ಉರಿಯುತ್ತಿತ್ತು.

ಮೂವತ್ತು ವರ್ಷಗಳ ಮೇಲೆ ಮಗಳು ಇಂಚರ ಅದೇ ಬೆಟ್ಟಕ್ಕೆ ಹೊರಟಳು.

"ಮೂರು ದಿನ ಒಂದು ಕಡ್ಡಿ ಕೂಡ ಗೀರಬಾರದಂತೆ ಅಪ್ಪಾ. ನಿಮ್ಮ ಕಾಲವೇ ಚೆನ್ನಾಗಿತ್ತು."

"ಚೆನ್ನಾಗಿತ್ತು" ಎಂದ ವರದರಾಜ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮನೆಯಲ್ಲಿ ಯಾರಿಗೂ ಹೇಳದ ಆ ದಿನದ ಕಥೆಯನ್ನು ಹೇಳಿದ.

"ಆಮೇಲೆ?"

"ಊರವರೆಲ್ಲ ಹಸಿಸೊಪ್ಪು ಹಿಡಿದು ಎರಡು ದಿನ ಬಡಿದು ಆರಿಸಿದರು. ನಾನು ಅರಣ್ಯ ಕಚೇರಿಗೆ ಹೋಗಿ ತಪ್ಪು ಒಪ್ಪಿಕೊಂಡೆ. ಇನ್ನೂರು ರೂಪಾಯಿ ದಂಡ ಹಾಕಿದರು."

"ಅಷ್ಟೇನಾ?"

"ನನಗೆ ಅಷ್ಟೇ. ಕೇತಯ್ಯನವರ ಹದಿನೆಂಟು ವರ್ಷದ ಕೆಲಸ ಹೋಯಿತು. ಅವರ ಕೈ ಹಿಡಿದು ಅತ್ತುಬಿಟ್ಟೆ. 'ನಿಮ್ಮ ಕೈ ಸುಡಲಿಲ್ವಲ್ಲ ಸಾಮಿ, ಬುಡಿ' ಅಂದರು."

ನೀತಿ: ನಮಗೆ ಸಿಕ್ಕ ಅಪ್ಪಣೆಯ ಹಿಂದೆ ಇನ್ನೊಬ್ಬರ ನಂಬಿಕೆ ಇರುತ್ತದೆ. ನಾವು ಅಜಾಗರೂಕರಾದರೆ ದಂಡ ನಾವು ಕಟ್ಟಬಹುದು, ಬೆಲೆ ತೆರುವವರು ಅವರು.