ಯಾರ್ಕಿಗೆ ಹೊರಟ ಅವ್ವ, ಹಿಂದೆ ಗುರಸಿದ್ದ

ಈ ಕತೆ ಹೇಳಲು ಕೂತರೆ ನನಗೇ ಮೈ ಉರಿಯುತ್ತದೆ. ನಗು ಬಂದವರು ನಗಿರಿ, ನಾನು ಬೇಡ ಅನ್ನುವುದಿಲ್ಲ. ಆದರೆ ನೀಲವ್ವನ ಮುಖ ಒಮ್ಮೆ ನೆನೆಸಿಕೊಂಡು ನಗಿರಿ.

ಇಂಗ್ಲೆಂಡಿನ ಲೆಸ್ಟರ್ ಊರಲ್ಲಿ ನೀಲವ್ವ ಅಂತ ಒಬ್ಬಳಿದ್ದಳು, ಇಳಕಲ್ಲಿನ ಕಡೆಯವಳು. ಗಂಡ ತೀರಿಕೊಂಡ ಮೇಲೆ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ ಮಗನನ್ನು ಸಾಕುತ್ತಿದ್ದಳು. ಮಗ ಗುರಸಿದ್ದ. ವಯಸ್ಸು ಮೂವತ್ತೆರಡು, ಬುದ್ಧಿ ಎಷ್ಟೆಂದು ದೇವರಿಗೇ ಗೊತ್ತು. ಹೇಳಿದ ಮಾತು ಮೀರುತ್ತಿರಲಿಲ್ಲ, ಅದೇ ಅವನ ರೋಗ.

ನೀಲವ್ವನಿಗೆ ಒಬ್ಬಳೇ ಅಕ್ಕ, ಸಂಗವ್ವ. ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಆ ಅಕ್ಕ ಪ್ರವಾಸದ ಗುಂಪಿನ ಜೊತೆ ಇಂಗ್ಲೆಂಡಿಗೆ ಬರುವವಳಿದ್ದಳು. ಶನಿವಾರ ಮೂರು ಗಂಟೆಗೆ ಯಾರ್ಕ್ ಪಟ್ಟಣದ ದೊಡ್ಡ ಚರ್ಚಿನ ಹತ್ತಿರ ಸಿಗುತ್ತೇನೆ, ನಾಲ್ಕಕ್ಕೆ ನಮ್ಮ ಬಸ್ಸು ಹೊರಡುತ್ತದೆ ಅಂತ ಊರಿಂದಲೇ ಹೇಳಿದ್ದಳು. ಅವಳ ಫೋನು ಇಲ್ಲಿ ನಡೆಯುವುದಿಲ್ಲ. ಸಿಕ್ಕರೆ ಆ ಒಂದು ತಾಸು, ಇಲ್ಲದಿದ್ದರೆ ಇಲ್ಲ. ನೀಲವ್ವ ರಜೆ ಹಾಕಿದಳು. ಅಕ್ಕನನ್ನು ಕಂಡು, ಎರಡು ದಿನ ಊರೂ ನೋಡಿ ಬರೋಣ ಅಂದುಕೊಂಡಳು.

"ಗುರಸಿದ್ದಾ, ಯಾರ್ಕಿಗೆ ಎರಡು ಟಿಕೀಟು ತಗಸು. ಎಲ್ಲಕ್ಕಿಂತ ಸೋವಿ ಯಾವುದೈತಿ ಅದನ್ನ ತಗಸು."

ತೆಗೆಸಿದ. ಎರಡೂ ಮಕ್ಕಳ ಟಿಕೀಟು.

"ಎಲ್ಲಕ್ಕಿಂತ ಸೋವಿ ಅದೇ ಇತ್ತವ್ವ."

"ನಿನ್ನ ಬಾಯಾಗ ಮಣ್ಣು ಬೀಳಲಿ. ನಾ ಏನು ಸಾಲಿ ಹುಡುಗಿಯೇನೋ? ಏನು ಮಾಡೂ ಮುಂಚೆನೂ ವಯಸ್ಸು ಕೇಳಬೇಕು, ತಿಳೀತಾ?"

"ತಿಳೀತವ್ವ."

ಟಿಕೀಟು ಬದಲಾಯಿಸಿದ್ದಾಯಿತು. ಇನ್ನು ಉಳಿಯಲು ಕೋಣೆ. ಯಾರ್ಕಿನ ಒಂದು ವಸತಿಗೃಹಕ್ಕೆ ಫೋನು ಮಾಡಿದ. ಅಲ್ಲಿಯ ಯಜಮಾನಿಯನ್ನು ಮೊದಲು ಕೇಳಿದ್ದೇ, ನಿಮಗೆ ವಯಸ್ಸೆಷ್ಟು ಅಂತ. ಅವಳು ಫೋನು ಕುಕ್ಕಿದಳು. ಇನ್ನೊಂದಕ್ಕೆ ಮಾಡಿದ. ಅಲ್ಲಿಯ ಮುದುಕಿ ಇವನ ಜನ್ಮ ಜಾಲಾಡಿ ಕುಕ್ಕಿದಳು.

"ಹೆಣ್ಮಕ್ಕಳ ವಯಸ್ಸು ಕೇಳ್ತಾರೇನೋ ಖೋಡಿ? ಸ್ಟೇಷನ್ನಿಗೆ ಹತ್ತಿರ ಐತೇನು ಅಂತ ಕೇಳಬೇಕು. ನಡಕೊಂಡು ಹೋಗೂವಷ್ಟು ಹತ್ತಿರ ಇದ್ರ ಬಸ್ಸಿನ ಖರ್ಚು ಉಳೀತೈತಿ."

"ಹೂಂ ಅವ್ವ."

ಈ ಸಲ ಕೋಣೆ ಸಿಕ್ಕಿತು. ಹಣವನ್ನೂ ಕಟ್ಟಿದ. "ಸ್ಟೇಷನ್ನಿನ ಎದುರಿಗೇ ಐತವ್ವ, ಈಗ ಹೋಗಿ ನೋಡಿ ಬಂದೆ" ಅಂತ ಹಿಗ್ಗಿದ.

ನೋಡಿ ಬಂದನೇ? ಯಾರ್ಕ್ ಅಂದರೆ ತಾಸುಗಟ್ಟಲೆ ರೈಲಿನ ದಾರಿ.

"ಯಾವ ಸ್ಟೇಷನ್ನೋ?"

"ನಮ್ಮ ಲೆಸ್ಟರ್ ಸ್ಟೇಷನ್ನು. ಮನಿಯಿಂದ ಹತ್ತ ನಿಮಿಷ."

ಕಟ್ಟಿದ ಹಣ ವಾಪಸ್ ಬರುವಂಥದ್ದಲ್ಲ. ನೀಲವ್ವ ಲಟ್ಟಣಿಗೆ ಎತ್ತಿದಳು, ಹೊಡೆಯಲಿಲ್ಲ. ಹೊಡೆಯಬೇಕಿತ್ತು ಅನ್ನುತ್ತೇನೆ ನಾನು.

"ಕೋಣೆ ಬ್ಯಾಡ, ಊರು ನೋಡೂದೂ ಬ್ಯಾಡ. ಅಕ್ಕನ್ನ ನೋಡಿ ಸಂಜೀಕೆ ತಿರುಗಿ ಬರೂಣು. ನೀ ಇನ್ನ ಏನೂ ಮಾಡಬ್ಯಾಡ. ಚೀಲ ಹಿಡಕೊಂಡು ನನ್ನ ಹಿಂದ ಬಾ, ಸಾಕು."

ಶನಿವಾರ ನೀಲವ್ವ ಅಕ್ಕನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು, ದೇವರಿಗೆ ಕೈಮುಗಿದು, ಹೊಸ್ತಿಲು ದಾಟಿದಳು. ಹತ್ತು ಹೆಜ್ಜೆ ಹೋಗಿರಲಿಲ್ಲ.

"ಅವ್ವಾ!"

"ಏನೋ?"

"ನಿನ್ನ ಹಿಂದನ ಅದೀನಿ."

ಹೊರಟವರನ್ನು ಹಿಂದಿನಿಂದ ಕರೆದರೆ ಹೋದ ಕೆಲಸ ಆಗುವುದಿಲ್ಲ. ಲೆಸ್ಟರಿಗೆ ಬಂದ ಮಾತ್ರಕ್ಕೆ ನೀಲವ್ವ ಅದನ್ನು ಬಿಡುವವಳಲ್ಲ. ಮನೆಗೆ ತಿರುಗಿ ಬಂದು, ಕೂತು, ನೀರು ಕುಡಿದು, ಮತ್ತೆ ಹೊರಟಳು. ಅಷ್ಟರಲ್ಲಿ ರೈಲು ಹೋಗಿತ್ತು. ಅಗ್ಗದ ಟಿಕೀಟು ಆ ಒಂದು ರೈಲಿಗಷ್ಟೇ. ಮತ್ತೆ ದುಪ್ಪಟ್ಟು ತೆತ್ತು ಮುಂದಿನ ರೈಲು ಹತ್ತಿದಳು. ದಾರಿಯುದ್ದಕ್ಕೂ ಬೈದಳು.

"ಹೊಂಟವರನ್ನ ಹಿಂದಿನಿಂದ ಕರೀಬಾರದು. ಯಾರೇ ಇರಲಿ, ಬಾಯಿ ಮುಚ್ಚಿಕೊಂಡಿರಬೇಕು. ಇದೊಂದರ ನೆನಪಿಡು."

"ಇಡ್ತೀನವ್ವ."

ಯಾರ್ಕಿನ ಚರ್ಚು ಮುಟ್ಟಿದಾಗ ಮೂರೂ ಮುಕ್ಕಾಲು. ಚರ್ಚೋ, ಒಂದು ಓಣಿಯಷ್ಟು ಉದ್ದ. ಆ ಕಡೆಗೊಂದು ಬಾಗಿಲು, ಈ ಕಡೆಗೊಂದು ಬಾಗಿಲು.

"ನೀ ಇಲ್ಲೇ ನಿಂದ್ರು, ಅಲ್ಲಾಡಬ್ಯಾಡ. ದೊಡ್ಡವ್ವ ಬರ್ತಾಳೇನು ನೋಡು. ನಾ ಆ ಬಾಗಲ ನೋಡಿ ಬರ್ತೀನಿ."

ಓಡಿ ಹೋಗಿ, ಏದುಸಿರು ಬಿಡುತ್ತ ಓಡಿ ಬಂದಳು.

"ದೊಡ್ಡವ್ವ ಬಂದ್ಲೇನೋ?"

"ಬರಲಿಲ್ಲವ್ವ. ಹೋದ್ಲು."

"ಹೋದ್ಲಾ?"

"ಆ ಕಂಬದ ಹಿಂದಿನ ಕಟ್ಟಿ ಮ್ಯಾಲೆ ಕುಂತಿದ್ಲು. ಫೋಟೋದಾಗಿನ ಮುಖನ, ಇಳಕಲ್ ಸೀರಿ. ನೀ ಆ ಕಡೆ ಹೋದಕೂಡಲೆ ಎದ್ದು, ಕಣ್ಣೊರೆಸಿಕೊಂಡು ಹೊಂಟ್ಲು."

"ಕರೀಲಿಲ್ಲೇನೋ ನೀ?"

"ಹೆಂಗ ಕರೀಲಿ? ನನಗ ಬೆನ್ನು ಮಾಡಿ ಹೊಂಟಿದ್ಲು."

ಯಾವ ಕಡೆಗೆ ಹೋದಳು ಅಂತಲೂ ಕೇಳದೆ ನೀಲವ್ವ ಹೋಳಿಗೆ ಗಂಟು ಎದೆಗವಚಿ, ಸೀರೆ ಎತ್ತಿ ಕಟ್ಟಿ ಬಲಗಡೆಯ ಬೀದಿಗೆ ಓಡಿದಳು. ಸಂಗವ್ವ ಹೋದದ್ದು ಎಡಕ್ಕೆ. ಎಡಬೀದಿಯ ಕೊನೆಗೆ ಬಸ್ಸು ಇನ್ನೂ ನಿಂತಿತ್ತು. ಬಾಗಿಲಲ್ಲಿ ಇಳಕಲ್ ಸೀರೆಯೂ ನಿಂತಿತ್ತು, ಇನ್ನೂ ಹತ್ತಿರಲಿಲ್ಲ. ಗುರಸಿದ್ದ ಎಲ್ಲವನ್ನೂ ನೋಡುತ್ತಿದ್ದ. ಅವ್ವಾ ಅಂತ ಒಂದು ಕೂಗು ಸಾಕಿತ್ತು. ಕೂಗಲು ಬಾಯಿ ತೆರೆದ ಕೂಡ.

ಆಗ ನೆನಪಾಯಿತು, ಅವ್ವನೂ ಈಗ ಹೊರಟವಳೇ ಅಂತ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಅಲ್ಲಾಡದೆ ನಿಂತ.