ಹಿತ್ತಿಲ ಬಾಗಿಲಿನ ಮೊಳೆ

ಈ ಕತೆ ನನಗೆ ಹೇಳಿದ್ದು ಪಕ್ಕದ ಮನೆಯ ಗಂಗಮಾಳಮ್ಮ. ಪರೀಕ್ಷೆಯೆಂದು ನಾನು ವಾರದಿಂದ ಕದ ಹಾಕಿಕೊಂಡು ಕೂತಿದ್ದೆ. ಅವರು ಕಿಟಕಿಯಲ್ಲೇ ನಿಂತು ಶುರುಮಾಡಿದರು.

ಡಂಗುರ ಹೀಗಿತ್ತಂತೆ: “ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬಿಕೆಗೆ ಊಟ ಸೇರದು, ನಿದ್ದೆ ಹತ್ತದು. ಅವಳ ಮೂರು ಒಗಟು ಬಿಡಿಸಿ ಗುಣಪಡಿಸಿದವರು ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಅಮಾವಾಸ್ಯೆಗೆ ಹಾರುವುದು!”

ಗಾಳಿ ಸೋಕಿದರೆ ಜ್ವರ ಬಂದೀತೆಂದು ರಾಜನೇ ಮಗಳ ಕಿಟಕಿಗಳಿಗೂ ಹಿತ್ತಿಲ ಬಾಗಿಲಿಗೂ ಮೊಳೆ ಹೊಡೆಸಿದ್ದ. ಅದನ್ನು ಮಾತ್ರ ಯಾರೂ ಸಾರಲಿಲ್ಲ, ಬಿಡಿ.

“ಕಾಲಿಲ್ಲದೆ ಬರುತ್ತದೆ, ಮರವನ್ನೇ ಬಗ್ಗಿಸುತ್ತದೆ, ನನ್ನ ಪರದೆಯನ್ನು ಅಲುಗಿಸಲಾರದು. ಏನದು?” ಎಂದಳು ಹೊನ್ನಾಂಬಿಕೆ.

“ವಿಧಿ!” ಎಂದ ಒಬ್ಬ ರಾಜಕುಮಾರ. ಸೆರೆಮನೆಗೆ ನಡೆದ. “ಮನಸ್ಸು!” ಎಂದ ಇನ್ನೊಬ್ಬ. ಅವನೂ ಹೋದ. “ಪರಬ್ರಹ್ಮ!” ಎಂದರು ಒಬ್ಬ ಪಂಡಿತರು.

ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ, ಒಂದು ಸಲ ಆ ಪರದೆಯ ಕಡೆ ನೋಡಬಾರದೇನ್ರೀ?”

ಕುದುರೆ ಲಾಯಕ್ಕೆ ಹುಲ್ಲು ಹೊರುವ ದುರುಗ ಕಂಬದ ಮರೆಯಲ್ಲಿದ್ದವನು ತಡೆಯಲಾರದೆ ಬಾಯಿಬಿಟ್ಟ. “ಗಾಳಿ ಕಣವ್ವಾ! ಕಿಟಕಿಗೆ ಮೊಳೆ ಹೊಡೆದರೆ ಪರದೆ ಹೆಂಗೆ ಅಲುಗೀತು?”

ಅವಳು ನೆಟ್ಟಗೆ ಕೂತಳು. “ಊರವರಿಗೆ ಬೆಳಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ, ಸಂಜೆ ಮತ್ತೆ ಉದ್ದ. ನನಗೆ ಹಗಲಿಡೀ ಒಂದೇ ಅಳತೆ. ಏನದು?”

“ನೆರಳು. ನಿಮ್ಮದು ದೀಪದ ಮುಂದೆ ಕೂತುಬಿಟ್ಟಿದೆ. ನನ್ನದು ನನ್ನ ಜತೆ ಹುಲ್ಲು ಕೊಯ್ಯೋಕೆ ಬರುತ್ತೆ.”

“ಕಾಲು ಸೋತಷ್ಟೂ ತಲೆ ಹಗುರಾಗುವುದು ಯಾವುದರಿಂದ?”

ದುರುಗ ಮೊಳೆ ಹೊಡೆದ ಹಿತ್ತಿಲ ಬಾಗಿಲ ಕಡೆ ತಿರುಗಿದ. ತಲೆ ಕಡಿಯುವವನು ಕತ್ತಿ ಒರೆಸಿಕೊಂಡ.

“ಬುದ್ಧೀ,” ಎಂದ ದುರುಗ ರಾಜನಿಗೆ, “ಇದನ್ನ ಬಾಯಲ್ಲಿ ಹೇಳಿದರೆ ಗುಣ ಆಗಲ್ಲ. ಒಂದು ಇಕ್ಕಳ ಕೊಡಿಸಿ.”

“ಜ್ವರ ಬಂದರೆ?”

“ನನ್ನ ತಲೆ ಎಲ್ಲಿಗೆ ಹೋಗುತ್ತೆ? ಇಲ್ಲೇ ಇದೆಯಲ್ಲ.”

ಹಿತ್ತಿಲ ಬಾಗಿಲಿನ ಮೊಳೆ ಕಿತ್ತ. ಅವನೂ ಹೊನ್ನಾಂಬಿಕೆಯೂ ಕೆರೆ ಏರಿಯ ಮೇಲೆ ಹೊರಟರು. ರಾಜ ಹೊಸ್ತಿಲಲ್ಲೇ ಸಂಜೆಯವರೆಗೆ ಚಡಪಡಿಸಿದ. ಮಗಳು ಬಂದಳು: ಪಾದದ ತುಂಬ ಕೆಸರು, ಸೀರೆಯಂಚಿಗೆಲ್ಲ ಉತ್ತರಾಣಿ ಮುಳ್ಳು. ಹಣೆ ಮುಟ್ಟಿದ. ತಣ್ಣಗಿತ್ತು.

“ಏನು ಕಂಡೆಯಮ್ಮಾ?”

“ಏನಿಲ್ಲಪ್ಪ. ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು. ಅದನ್ನು ನೋಡ್ತಾ ನನ್ನ ಚಿಂತೆಯೇ ಮರೆತುಹೋಯ್ತು. ಉತ್ತರ, ಬಯಲಲ್ಲಿ ನಡೆಯೋದು! ಇಷ್ಟಕ್ಕೆ ಮೂರು ತಿಂಗಳು ನನ್ನ ಕೂಡಿಹಾಕಿ, ಇಷ್ಟು ಜನರ ತಲೆಗೆ ಕತ್ತಿ ಹಿಡಿಯಬೇಕಾಯ್ತಾ ನಿಮಗೆ? ಮೊದಲು ಮುದ್ದೆ ಹಾಕಿಸಿ, ಹಸಿವು!”

ಉಂಡವಳು ಕೂತಲ್ಲೇ ನಿದ್ದೆಹೋದಳು.

ರಾಜ ಕೆರೆಯಂಚಿನ ಹುಲ್ಲುಗಾವಲನ್ನು ದುರುಗನಿಗೆ ಬರೆದುಕೊಟ್ಟ. ದುರುಗ ಬಾಯಿಬಿಟ್ಟು ಕೇಳಿದ್ದು ಎರಡೇ: ಸೆರೆಯಲ್ಲಿದ್ದವರ ತಲೆ ಉಳಿಸಬೇಕು, ಮತ್ತೆ ಯಾರೂ ಹೊಡೆಯದ ಹಾಗೆ ಕಿತ್ತ ಮೊಳೆಗಳನ್ನು ತನಗೇ ಕೊಡಬೇಕು.

“ಇನ್ನೊಬ್ಬರಿಗೆ ಹೇಳು, ಕೂತು ಮಾತ್ರ ಹೇಳಬೇಡ,” ಎಂದಿದ್ದರು ಗಂಗಮಾಳಮ್ಮ. ನಾನು ಕೂತು ಬರೆದೆ, ತಪ್ಪಾಯಿತು. ನೀವಾದರೂ ಯಾರನ್ನಾದರೂ ಎಬ್ಬಿಸಿಕೊಂಡು ಹೋಗಿ, ನಡೆಯುತ್ತಾ ಹೇಳಿ.