ಸಂಡಿಗೆ ಒಣಗಿದಷ್ಟು ಜಾಗ

೨೦೨೪ರ ಏಪ್ರಿಲ್ ೧೨. ‘ಅತ್ತೆ ಇವತ್ತೂ ಕರೆಂಟ್ ಬಿಲ್ಲಿಗೆ ಹೆದರಿ ಕೂಲರ್ ಆರಿಸಿದರು’ ಎಂದು ಶಕುಂತಲಾಬಾಯಿಯವರ ದಿನಚರಿಯಲ್ಲಿದೆ. ರಾಯಚೂರಿನ ಬಿಸಿಲನ್ನು ಎಂಬತ್ತು ದಾಟಿದ ಜೀವ ತಡೆಯುವುದು ಹೇಗೆ? ಬಿಲ್ಲಿನ ಭಯ ಕಳೆಯಲೆಂದೇ ಶಕುಂತಲಾಬಾಯಿ ಸೋಲಾರ್ ಕಂಪನಿಯವನನ್ನು ಕರೆಸಿದರು.

ಅವನು ಮಾಳಿಗೆ ಹತ್ತಿ ಕೈಬೀಸಿ ತೋರಿಸಿದ. “ಮೂಲೆಮೂಲೆಗೂ ಬಿಸಿಲೈತ್ರಿ. ಹತ್ತು ಪ್ಯಾನೆಲ್ ಕೂಡ್ರಿಸ್ಲೇಬೇಕು. ಲೆಕ್ಕ ನಿಮಗ ತಿಳಿಯಂಗಿಲ್ಲ, ಇವತ್ತೇ ಅಡ್ವಾನ್ಸ್ ಕೊಡ್ರಿ.”

ಬಿ.ಎಸ್ಸಿ. ಓದಿದ ಶಕುಂತಲಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ನಾಳೆ ಸಂಜಿಗೆ ಬಾ ತಮ್ಮಾ,” ಎಂದರು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಸೇರಿ ಮಾಳಿಗೆಯ ತುಂಬ ಬಟ್ಟೆ ಹಾಸಿ ಸಂಡಿಗೆ ಇಟ್ಟರು. ಸಂಜೆ ಬಂದವನ ಕೈಗೆ ಅತ್ತೆ ಮೊರ ಕೊಟ್ಟರು. “ಒಣಗಿದ್ದಷ್ಟು ಎತ್ತಪಾ.”

ನಡುವಿನವು ಗಲಗಲ ಎನ್ನುತ್ತ ಮೊರಕ್ಕೆ ಬಿದ್ದವು. ನೀರಿನ ಟ್ಯಾಂಕಿನ ಹಿಂದಿನವು, ಪಕ್ಕದ ಮನೆಯ ಗೋಡೆ ಬದಿಯವು ಅವನ ಬೆರಳಿಗೆ ಅಂಟಿಕೊಂಡವು.

“ಸಂಡಿಗಿ ಒಣಗದ ಜಾಗಕ್ಕೂ ರೊಕ್ಕ ಕೊಡ್ಬೇಕೇನು?” ಎಂದರು ಅತ್ತೆ.

ಅವನು ಬೆರಳು ಒರೆಸಿಕೊಳ್ಳುತ್ತ ನಕ್ಕ. “ನಾಲ್ಕು ಸಾಕ್ರಿ ಅಮ್ಮಾ. ಆದ್ರ ಒಳ್ಳೆ ಬಿಸಿಲೆಲ್ಲ ಪ್ಯಾನೆಲ್ಲಿಗೇ ಹೋಗ್ತೈತಿ. ಸಂಡಿಗಿ ಎಲ್ಲಿ ಹಾಕ್ತೀರಿ?”

“ಸೊಸಿ ನನ್ನ ಸಲುವಾಗಿ ಇಷ್ಟು ಮಾಡಾಕತ್ತಾಳ. ಸಂಡಿಗಿ ಬಿಟ್ಟೇನು, ಬಿಡು.”

ಈಗ ಅತ್ತೆ ಮಧ್ಯಾಹ್ನ ಕೂಲರ್ ಮುಂದೆ ಗಾಢವಾಗಿ ನಿದ್ದೆ ಮಾಡುತ್ತಾರೆ. ಖರ್ಚಾದದ್ದು ಒಂದು ಲಕ್ಷ ಹದಿನೆಂಟು ಸಾವಿರ ರೂಪಾಯಿ, ಮತ್ತು ಮನೆಯ ಸಂಡಿಗೆ.